ಊರಿಗೆ ಮೊದಲು ಬಂದವನು



ನಮ್ಮ ಕಡೆ ವಂಶವೃಕ್ಷ ನೆನಪಾಗುವುದು ಜಮೀನು ಪಾಲಾಗುವಾಗ. ನಾಡಕಚೇರಿಗೆ ಅರ್ಜಿ ಕೊಟ್ಟು, ಅಫಿಡವಿಟ್ ಮಾಡಿಸಿ, ಅಜ್ಜ, ಅಜ್ಜನ ಮಕ್ಕಳು, ಮೊಮ್ಮಕ್ಕಳು ಅಂತ ಮೂರು ಸಾಲು ಗೆರೆ ಎಳೆಸಿದರೆ ಕೆಲಸ ಮುಗಿಯಿತು. ತಹಶೀಲ್ದಾರರಿಗೂ ಬ್ಯಾಂಕಿನವರಿಗೂ ಅಷ್ಟು ಸಾಕು. ಆ ಅಜ್ಜನ ಅಜ್ಜ ಈ ಊರಿನವನೇ ಹೌದೋ ಅಲ್ಲವೋ, ಅಲ್ಲದಿದ್ದರೆ ಎಲ್ಲಿಂದ ಬಂದ, ಏನು ಕಂಡು ಇಲ್ಲಿ ನಿಂತ ಎಂದು ಯಾವ ಕಚೇರಿಯೂ ಕೇಳುವುದಿಲ್ಲ. ಇವತ್ತಿನ ಮಾತು ಅವನ ಕುರಿತು. ಮನೆತನದಲ್ಲಿ ಮೊಟ್ಟಮೊದಲು ಈ ಊರಿಗೆ ಬಂದು ಬೇರು ಬಿಟ್ಟವನನ್ನು ಮೂಲಪುರುಷ ಅನ್ನುತ್ತೇವೆ. ಅವನನ್ನು ಹುಡುಕುವುದು ಹೇಗೆ?

ಋಷಿಮೂಲ, ನದಿಮೂಲ ಹುಡುಕಬಾರದು ಅಂತ ಹಿರಿಯರು ಹೇಳಿದ್ದುಂಟು. ಆದರೆ ಅದೇ ಹಿರಿಯರು ಮನೆತನದ ಮೂಲ ಹೇಳುವುದಕ್ಕೆಂದೇ ಒಂದು ಸಮುದಾಯವನ್ನು ಕಾಳುಕಡಿ ಕೊಟ್ಟು ಸಾಕಿಕೊಂಡು ಬಂದಿದ್ದಾರೆ. ಉತ್ತರ ಕರ್ನಾಟಕದ ಕೇಳುಗರು ಆಗಲೇ ಊಹಿಸಿರಬಹುದು. ಹೆಳವರು.

ಸುಗ್ಗಿ ಮುಗಿದು ಕಣದ ಕಾಳು ಮನೆ ಸೇರಿದ ಮೇಲೆ ಹೆಳವ ಬರುತ್ತಾನೆ. ಹಿಂದೆಲ್ಲ ಎತ್ತಿನ ಮೇಲೆ ಕೂತು, ಕಾಲು ಮುಚ್ಚುವಂತೆ ಕಂಬಳಿ ಹೊದ್ದು, ಗಂಟೆ ಬಾರಿಸುತ್ತ ಬರುತ್ತಿದ್ದ. ಈಗ ಬಸ್ಸಿನಲ್ಲೋ ಮೋಟರ್ ಸೈಕಲ್ಲಿನಲ್ಲೋ ಬಂದರೂ ಬರುವ ಕಾಲ ಮಾತ್ರ ಬದಲಾಗಿಲ್ಲ. ಮನೆಯ ಮುಂದೆ ನಿಂತು, ಈ ಮನೆಯ ಹಿರಿಯ ಇಂಥ ಊರಿಂದ ಬಂದವನು, ಇಂಥ ಬೆಡಗಿನವನು, ಅವನ ಮನೆದೇವರು ಇಂಥದು, ಅವನ ಮಗ ಯಾರು, ಅವನ ಮಗ ಯಾರು ಎಂದು ಒಂದೇ ಉಸಿರಿನಲ್ಲಿ ಇಳಿದು ಬಂದು, ಜಗಲಿಯ ಮೇಲೆ ಕೂತ ಯಜಮಾನನ ಹೆಸರಿಗೆ ನಿಲ್ಲಿಸುತ್ತಾನೆ. ಆಮೇಲೆ ಹೊತ್ತಿಗೆ ತೆಗೆದು, ಹಿಂದಿನ ಸಲ ಬಂದು ಹೋದ ಮೇಲೆ ಹುಟ್ಟಿದ ಮಕ್ಕಳ ಹೆಸರು ಕೇಳಿ ಬರೆದುಕೊಳ್ಳುತ್ತಾನೆ. ಮನೆಯವರು ಜೋಳ, ಬಟ್ಟೆ, ರೊಕ್ಕ, ಕೈಯಲ್ಲಿದ್ದದ್ದು ಕೊಡುತ್ತಾರೆ. ಯಾವ ಊರು ಯಾವ ಹೆಳವನದು ಎಂಬುದು ಅವರವರಲ್ಲೇ ಹಂಚಿಕೆಯಾಗಿದೆ. ಅಪ್ಪನ ಊರುಗಳು ಮಕ್ಕಳಿಗೆ ಬರುತ್ತವೆ, ಹೊಲ ಬಂದ ಹಾಗೆ.

ಅವರ ಹುಟ್ಟಿನ ಕಥೆಯನ್ನು ಬೇರೆ ಬೇರೆ ಕಡೆ ಬೇರೆ ಬೇರೆ ರೀತಿ ಹೇಳುತ್ತಾರೆ. ಹೆಚ್ಚಿನ ಕಥೆಗಳಲ್ಲಿ ಕಾಲಿಲ್ಲದ ಒಬ್ಬ ಇರುತ್ತಾನೆ, ಅವನಿಗೊಂದು ಎತ್ತು ಇರುತ್ತದೆ. ನೇಗಿಲ ಹಿಂದೆ ನಡೆಯಲಾರದವನಿಗೆ ಮನೆತನದ ಹೆಸರು ಹೇಳುವ ಹಕ್ಕೇ ಪಾಲಾಗಿ ಬಂತು ಎಂಬುದು ಇದರ ತಿರುಳು. ಇದು ಐತಿಹಾಸಿಕವಾಗಿ ನಿಜವೋ ಸುಳ್ಳೋ, ನನಗೆ ಮುಖ್ಯವಾಗಿ ಕಾಣುವುದು ಬೇರೆ. ಹೆಳವನ ಹೊತ್ತಿಗೆ ಇತಿಹಾಸದ ಪ್ರೀತಿಗಾಗಿ ಹುಟ್ಟಿದ್ದಲ್ಲ. ಒಂದು ಚೀಲ ಜೋಳದ ಹಕ್ಕಿಗಾಗಿ ಹುಟ್ಟಿದ್ದು. ಹಾಗಿದ್ದಕ್ಕೇ ಅದು ಉಳಿದದ್ದು. ತಪ್ಪು ಹೇಳಿದರೆ ಜಗಲಿಯ ಮೇಲಿನ ಮುದುಕ ಸುಮ್ಮನಿರುತ್ತಿರಲಿಲ್ಲ.

ಪೂರ್ವಜರನ್ನು ಹುಡುಕ ಹೊರಟವರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದದ್ದು ಇದನ್ನೇ. ಯಾವ ದಾಖಲೆಯೂ ನಮಗಾಗಿ ಬರೆದಿಟ್ಟದ್ದಲ್ಲ. ಯಾರೋ ಕಂದಾಯ ವಸೂಲು ಮಾಡಬೇಕಿತ್ತು, ಯಾರೋ ಇನಾಮು ಉಳಿಸಿಕೊಳ್ಳಬೇಕಿತ್ತು, ಯಾರೋ ದಕ್ಷಿಣೆ ಪಡೆಯಬೇಕಿತ್ತು. ಆ ಕೊಡು-ಕೊಳ್ಳುವ ಲೆಕ್ಕದ ಮಧ್ಯೆ ನಮ್ಮ ಮುತ್ತಜ್ಜನ ಹೆಸರು ಸಿಕ್ಕಿಹಾಕಿಕೊಂಡಿದೆ. ಕಾಗದ ಕೈಗೆ ಬಂದ ಕೂಡಲೇ ಹೆಸರು ಹುಡುಕುವ ಆತುರ ಬೇಡ. ಇದನ್ನು ಬರೆಸಿದವರಿಗೆ ಇದರಿಂದ ಏನು ಸಿಗುತ್ತಿತ್ತು ಎಂದು ಮೊದಲು ಕೇಳಿಕೊಳ್ಳಿ. ಏನನ್ನು ನಂಬಬಹುದು, ಏನನ್ನು ನಂಬಬಾರದು ಎಂಬುದು ಅರ್ಧ ಅಲ್ಲೇ ತೀರ್ಮಾನವಾಗುತ್ತದೆ.

ಹೆಳವನ ಪಟ್ಟಿಯಲ್ಲಿ ಒಂದು ತೊಡಕಿದೆ. ಅಜ್ಜನ ಹೆಸರು ಮೊಮ್ಮಗನಿಗೆ ಇಡುವುದು ನಮ್ಮ ರೂಢಿ. ಮಲ್ಲಪ್ಪನ ಮಗ ಬಸಪ್ಪ, ಬಸಪ್ಪನ ಮಗ ಮಲ್ಲಪ್ಪ, ಮತ್ತೆ ಬಸಪ್ಪ. ಆರು ತಲೆಮಾರಿಗೆ ಎರಡೇ ಹೆಸರು. ಹೇಳುವಾಗ ಒಂದು ಜೋಡಿ ಬಿಟ್ಟುಹೋದರೂ ಗೊತ್ತಾಗದು, ಒಂದು ಜೋಡಿ ಹೆಚ್ಚಾದರೂ ಗೊತ್ತಾಗದು. ತಲೆಮಾರಿಗೆ 25ರಿಂದ 30 ವರ್ಷ ಅಂತ ಲೆಕ್ಕ ಹಿಡಿದರೆ ಒಂದು ಜೋಡಿ ತಪ್ಪಿದರೆ 50-60 ವರ್ಷವೇ ಜಾರಿತು. ಮೂಲಪುರುಷ ಬಂದದ್ದು ಪೇಶ್ವೆಗಳ ಕಾಲದಲ್ಲೋ ಕಂಪನಿ ಸರಕಾರದ ಕಾಲದಲ್ಲೋ ಎಂಬ ಪ್ರಶ್ನೆಗೆ ಇಷ್ಟೇ ಜಾರುವಿಕೆ ಸಾಕು, ಉತ್ತರ ಅದಲುಬದಲಾಗುತ್ತದೆ. ಅದಕ್ಕೇ ಹೆಂಡತಿಯರ ಹೆಸರು, ಅವರ ತವರೂರು ಸಿಕ್ಕಲ್ಲೆಲ್ಲ ಬರೆದಿಟ್ಟುಕೊಳ್ಳಬೇಕು. ಇಬ್ಬರು ಮಲ್ಲಪ್ಪಂದಿರನ್ನು ಬೇರೆ ಮಾಡುವುದು ಅವರ ಹೆಂಡಿರ ಹೆಸರೇ.

ಇನ್ನು, ಬಾಯಿಮಾತಿನ ಕಥೆ. ಪ್ರತಿ ಮನೆಯಲ್ಲೂ ಒಂದು ಇರುತ್ತದೆ. ನಮ್ಮವರು ಅಣ್ಣತಮ್ಮಂದಿರು ರಾತ್ರೋರಾತ್ರಿ ಊರು ಬಿಟ್ಟು ಬಂದರಂತೆ, ಹೊಳೆ ದಾಟಿದರಂತೆ, ಹೊತ್ತು ತಂದ ದೇವರನ್ನು ಕೆಳಗಿಟ್ಟಲ್ಲೇ ಊರು ಕಟ್ಟಿದರಂತೆ. ಇದನ್ನು ಹೇಗೆ ಓದಬೇಕು ಎಂಬುದಕ್ಕೆ ಎರಡು ದೊಡ್ಡ ಮನೆತನಗಳ ಕಥೆಯನ್ನೇ ನೋಡೋಣ.

ದೇವನಹಳ್ಳಿಯ ಹತ್ತಿರ ಆವತಿ ಎಂಬ ಊರಿದೆ. ಆವತಿ ನಾಡಪ್ರಭುಗಳ ಮೂಲಪುರುಷ ರಣಭೈರೇಗೌಡ. ಬಿ. ಎಲ್. ರೈಸ್ ಮೈಸೂರು ಗೆಜೆಟಿಯರಿನಲ್ಲಿ ಇವರ ಐತಿಹ್ಯವನ್ನು ದಾಖಲಿಸಿದ್ದಾರೆ. ಕಂಚಿಯ ಕಡೆಯವನಾದ ಈ ಗೌಡನ ಮಗಳು ದೊಡ್ಡಮ್ಮನನ್ನು ಅಲ್ಲಿನ ಪಾಳೆಯಗಾರನೊಬ್ಬ ಮದುವೆಯಾಗಬೇಕೆಂದು ಹಟ ಹಿಡಿದ. ಕೊಡಲು ಮನಸ್ಸಿಲ್ಲದ ಏಳು ಮನೆಯವರು ಗಾಡಿ ಕಟ್ಟಿ ಹೊರಟರು. ತುಂಬಿದ ಹೊಳೆ ಅವರಿಗೆ ದಾರಿ ಬಿಟ್ಟಿತು. ನಂದಿಬೆಟ್ಟದ ಆಸುಪಾಸಿಗೆ ಬಂದು ನೆಲೆಸಿದರು. ಬೆಂಗಳೂರು ಕಟ್ಟಿದ ಕೆಂಪೇಗೌಡರ ಯಲಹಂಕ ಮನೆತನವೂ ಈ ಬಳಗದ್ದೇ. ಈಗ ಮೈಸೂರಿಗೆ ಬನ್ನಿ. ಒಡೆಯರ ಮನೆತನದ ಐತಿಹ್ಯದಲ್ಲಿ ದ್ವಾರಕೆಯಿಂದ ಯದುರಾಯ, ಕೃಷ್ಣರಾಯ ಎಂಬ ಅಣ್ಣತಮ್ಮಂದಿರು ಬರುತ್ತಾರೆ. ಕಾರುಗಹಳ್ಳಿಯ ಮಾರನಾಯಕ ಅರಸುಮನೆಯ ಹುಡುಗಿಯನ್ನು ಕೇಳಿ ಕಾಟ ಕೊಡುತ್ತಿರುತ್ತಾನೆ. ಅವನನ್ನು ಕೊಂದು, ಅವಳನ್ನು ಮದುವೆಯಾಗಿ ಯದುರಾಯ ಅರಸನಾಗುತ್ತಾನೆ. ವರ್ಷ 1399 ಎನ್ನುತ್ತಾರೆ.

ಒಂದು ಕಡೆ ಹುಡುಗಿಯ ಮಾನ ಕಾಯಲು ಊರು ಬಿಟ್ಟರು. ಇನ್ನೊಂದು ಕಡೆ ಊರಿಗೆ ಬಂದು ಹುಡುಗಿಯ ಮಾನ ಕಾಯ್ದರು. ದೂರದ ಪುಣ್ಯಕ್ಷೇತ್ರ, ಕೇಳಬಾರದ ಹೆಣ್ಣು ಕೇಳಿದ ದುಷ್ಟ, ಇವಿಷ್ಟು ಎರಡರಲ್ಲೂ ಇವೆ. ಇಂಥವು ನಮ್ಮ ಹಳ್ಳಿಗಳ ಎಷ್ಟೋ ಮನೆತನಗಳಲ್ಲೂ ಇವೆ. ಹಾಗಾದರೆ ಎಲ್ಲ ಕಟ್ಟುಕಥೆ ಎಂದು ತಳ್ಳಿಹಾಕಬೇಕೆ? ನಾನು ತಳ್ಳಿಹಾಕುವುದಿಲ್ಲ. ವಲಸೆ ನಿಜವಿರಬಹುದು, ಕಾರಣ ಮಾತ್ರ ಮರ್ಯಾದೆಯ ಬಟ್ಟೆ ತೊಟ್ಟುಕೊಂಡಿರುತ್ತದೆ. ಬರ ಬಂತು, ಸಾಲ ಹೆಚ್ಚಾಯಿತು, ದಾಯಾದಿ ಜಗಳ ಆಯಿತು ಅಂತ ಯಾವ ಮನೆತನ ಹೇಳಿಕೊಳ್ಳುತ್ತದೆ? ಹಾಗಾಗಿ ಇಂಥ ಕಥೆ ಸಿಕ್ಕಾಗ ಎಲ್ಲರ ಮನೆಯಲ್ಲೂ ಇರುವ ಸಂಗತಿಗಳನ್ನು ಬದಿಗಿಟ್ಟು, ನಿಮ್ಮ ಮನೆಯಲ್ಲಷ್ಟೇ ಇರುವುದನ್ನು ಹೆಕ್ಕಿಕೊಳ್ಳಿ. ದಾರಿಯ ಒಂದು ಸಣ್ಣ ಊರಿನ ಹೆಸರು, ಯಾವುದೋ ಕಾಯಿಪಲ್ಲೆ ತಿನ್ನಬಾರದೆಂಬ ಕಟ್ಟು, ಯಾವುದೋ ಮನೆತನದವರ ಜೊತೆ ಬಾಂಧವ್ಯ ಇಲ್ಲವೆಂಬ ನಿಯಮ. ಕಥೆ ಚೆಂದ ಮಾಡಲು ಯಾರೂ ಇಂಥದನ್ನು ಸೇರಿಸುವುದಿಲ್ಲ.

ಮನೆದೇವರಿಗೂ ಇದೇ ಮಾತು. ನಮ್ಮ ಮನೆದೇವರು ತಿರುಪತಿ ತಿಮ್ಮಪ್ಪ ಎಂದರೆ ಹುಡುಕುವವನಿಗೆ ಏನೂ ಸಿಗಲಿಲ್ಲ. ಸವದತ್ತಿ ಎಲ್ಲಮ್ಮ, ಮೈಲಾರಲಿಂಗ ಎಂದರೂ ಅಷ್ಟೇ, ಅವರ ಒಕ್ಕಲು ನಾಡಿನ ತುಂಬ ಇದೆ. ಆದರೆ ಮೂರು ಜಿಲ್ಲೆ ಆಚೆ, ಬಸ್ಸೂ ಸರಿಯಾಗಿ ಹೋಗದ ಹಳ್ಳಿಯ ಒಂದು ಸಣ್ಣ ಗುಡಿಗೆ ನಿಮ್ಮ ಮನೆಯವರು ಮಗುವಿನ ಜವಳ ತೆಗೆಸಲು ಹೋಗುತ್ತಿದ್ದರೆ, ಅದು ಬಲವಾದ ಸಾಕ್ಷಿ. ಆ ಹಾದಿಯಲ್ಲಿ ಬಂದವರಲ್ಲದಿದ್ದರೆ ಆ ದೇವರು ನಿಮಗೆ ಗೊತ್ತಾಗುವ ಬಗೆಯೇ ಇರಲಿಲ್ಲ. ಉತ್ತರ ಕರ್ನಾಟಕದಲ್ಲಿ ಊರಿನಿಂದ ಬಂದ ಅಡ್ಡಹೆಸರುಗಳೂ ಹೀಗೆಯೇ. ಸವದತ್ತಿಯೊಳಗೆ ಒಬ್ಬನನ್ನು ಸವದತ್ತಿ ಎಂದು ಕರೆದರೆ ಗುರುತು ಹತ್ತುವುದಿಲ್ಲ, ಎಲ್ಲರೂ ಅಲ್ಲಿಯವರೇ. ಸವದತ್ತಿ ಬಿಟ್ಟು ಬೇರೆ ಊರಿಗೆ ಹೋದಾಗ ಆ ಊರಿನವರು ಇಟ್ಟ ಹೆಸರದು. ಅಂದರೆ ಅಡ್ಡಹೆಸರು ಹೇಳುವುದು ಬಿಟ್ಟು ಬಂದ ಊರನ್ನು. ಅದೂ ಕೊನೆಯದಾಗಿ ಬಿಟ್ಟದ್ದನ್ನು, ಅದರ ಹಿಂದಿನದನ್ನಲ್ಲ.

ಕಾಗದಪತ್ರದ ವಿಷಯಕ್ಕೆ ಬರೋಣ. ಪಹಣಿಯಿಂದ ಶುರುಮಾಡಿ. ಧಾರವಾಡ, ಬೆಳಗಾವಿ ಕಡೆಯವರು ಉತಾರ ಅನ್ನುತ್ತಾರೆ. ಭೂಮಿ ಯೋಜನೆಯ ಗಣಕೀಕೃತ ಪಹಣಿಯಿಂದ ಹಿಂದಕ್ಕೆ ಹೋದರೆ ಕೈಬರಹದ ಪಹಣಿ, ಅದರಿಂದ ಮ್ಯುಟೇಶನ್ ವಹಿ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಸರ್ವೆ ನಂಬರು ಹಿಡಿದು ಕೇಳಿ, ಹೆಸರು ಹಿಡಿದಲ್ಲ. ಹೊಲದ ನಂಬರು ಹೆಸರಿನಷ್ಟು ಬೇಗ ಬದಲಾಗುವುದಿಲ್ಲ. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಜಿಲ್ಲೆಗಳಲ್ಲಿ ಹಕ್ಕುದಾಖಲೆಯ ಕಾಯ್ದೆ 1903ರಲ್ಲಿ ಬಂತು. ಹಳೆಯ ಮೈಸೂರಿನಲ್ಲಿ ಹೊಸ ಬಗೆಯ ಸರ್ವೆ 1863ರಲ್ಲಿ ಆರಂಭವಾಯಿತು. ನಿಮ್ಮದು ಗೌಡಕಿ, ಕುಲಕರ್ಣಿಕೆ, ತಳವಾರಿಕೆಯಂಥ ವತನದ ಮನೆಯಾಗಿದ್ದರೆ ಅದೃಷ್ಟವಂತರು. 1874ರ ಮುಂಬೈ ವತನ ಕಾಯ್ದೆಯಡಿ ಹಕ್ಕು ಸಾಧಿಸಲು ಜನ ವಂಶಾವಳಿಯನ್ನೇ ಹಾಜರುಪಡಿಸಬೇಕಾಗುತ್ತಿತ್ತು. ದಾಯಾದಿಗಳು ಜಗಳವಾಡಿದ್ದರೆ ಇನ್ನೂ ಒಳ್ಳೆಯದು, ಎರಡೂ ಕಡೆಯವರ ವಂಶಾವಳಿ ಫೈಲಿನಲ್ಲಿರುತ್ತದೆ. ಹೊಂದಿಕೊಂಡು ಬಾಳಿದ ಮನೆತನಗಳು ಕಚೇರಿಯಲ್ಲಿ ಗುರುತು ಉಳಿಸಿದ್ದು ಕಡಿಮೆ. ಮುಂಬೈ ಪ್ರಾಂತ್ಯದ ಕಡೆಯ ಹಳೆಯ ಕಾಗದಗಳಲ್ಲಿ ಮರಾಠಿಯ ಮೋಡಿ ಲಿಪಿ ಎದುರಾದರೆ ಓದಬಲ್ಲವರನ್ನು ಹುಡುಕಬೇಕು. ಹಳೆಯ ಮೈಸೂರಿನ ಶಾನುಭೋಗರ ಮನೆ ಅಟ್ಟದಲ್ಲಿ ಕಡತ ಸಿಗಬಹುದು. ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿದ ಮಡಿಕೆ ಬಟ್ಟೆಯ ಮೇಲೆ ಬಳಪದಲ್ಲಿ ಬರೆದದ್ದು. ದಯವಿಟ್ಟು ಒದ್ದೆ ಬಟ್ಟೆಯಿಂದ ಒರೆಸಬೇಡಿ. ಬಳಪದ ಅಕ್ಷರ ಹೋಯಿತೆಂದರೆ ಹೋಯಿತು.

ಕಾಶಿ, ಗಯಾ, ಹರಿದ್ವಾರದ ಪಂಡರ, ಅಂದರೆ ಯಾತ್ರಾಪುರೋಹಿತರ, ವಹಿಗಳೂ ಇವೆ. ಯಾತ್ರೆಗೆ ಹೋದವರು ತಮ್ಮ ಊರು, ತಂದೆ, ತಾತನ ಹೆಸರು ಬರೆಸಿ ಬರುತ್ತಿದ್ದರು. ಜನಗಣತಿಯ ಮಾತು ಬೇರೆ. ಅಮೆರಿಕದಲ್ಲಿ ಪೂರ್ವಜರನ್ನು ಹುಡುಕುವವರು ಜನಗಣತಿಯ ಮನೆಪಟ್ಟಿಗಳನ್ನೇ ನೆಚ್ಚುತ್ತಾರೆ. ಅಲ್ಲಿ 72 ವರ್ಷದ ನಂತರ ಅವನ್ನು ಬಿಚ್ಚಿಡುತ್ತಾರೆ, 1950ರ ಪಟ್ಟಿ 2022ರಲ್ಲಿ ಹೊರಬಂತು. ನಮ್ಮಲ್ಲಿ ಆ ದಾರಿ ಇಲ್ಲ. 1948ರ ಜನಗಣತಿ ಕಾಯ್ದೆಯ ಪ್ರಕಾರ ಎಣಿಕೆದಾರರು ಬರೆದುಕೊಂಡ ವಿವರ ಗೋಪ್ಯ.

ಇಷ್ಟು ಹೊತ್ತು ಮೂಲಪುರುಷ, ಮೂಲಪುರುಷ ಎನ್ನುತ್ತಿದ್ದೇನೆ. ಕರಾವಳಿಯ ಕೇಳುಗರು ನಗುತ್ತಿರಬಹುದು. ಅಳಿಯಸಂತಾನದ ಮನೆತನದಲ್ಲಿ ವಂಶದ ಎಳೆ ಹಿಡಿಯಬೇಕಾದದ್ದು ತಾಯಿ, ಅವಳ ತಾಯಿ, ಅವಳ ತಾಯಿ ಹೀಗೆ. 1949ರ ಅಳಿಯಸಂತಾನ ಕಾಯ್ದೆಯಲ್ಲೂ ಕುಟುಂಬದ ಕವಲನ್ನು ಕವರು ಎಂದು ಹೆಸರಿಸಿ ಹೆಣ್ಣಿನಿಂದಲೇ ಎಣಿಸಿದ್ದಾರೆ. ಅಪ್ಪನ ಹೆಸರು ಹಿಡಿದು ಹೋದರೆ ಅಲ್ಲಿ ಎರಡನೇ ಮೆಟ್ಟಿಲಲ್ಲೇ ಬೇರೆಯವರ ಮನೆ ಹೊಕ್ಕಂತಾಗುತ್ತದೆ. ಕೊಡಗಿನಲ್ಲಿ ಮತ್ತೆ ಬೇರೆ. ಒಕ್ಕದ, ಅಂದರೆ ಮನೆತನದ, ಮೂಲಹಿರಿಯನಿಗೆ ಐನ್‌ಮನೆ ಎಂಬ ಮೂಲಮನೆಯ ಹತ್ತಿರ ಕೈಮಡ ಎಂಬ ಪುಟ್ಟ ಗುಡಿಯೇ ಇರುತ್ತದೆ. ತುಳುನಾಡಿನವರು ಮೂಲನಾಗನನ್ನು, ಅಂದರೆ ತಮ್ಮ ಹಿರಿಯರು ಪೂಜಿಸುತ್ತಿದ್ದ ನಾಗನ ನೆಲೆಯನ್ನು, ಹುಡುಕಿಕೊಂಡು ಮುಂಬೈಯಿಂದ ರಜೆ ಹಾಕಿ ಬರುವುದನ್ನು ನೀವು ನೋಡಿರುತ್ತೀರಿ. ಜೋಯಿಸರಲ್ಲಿ ಪ್ರಶ್ನೆ ಇಡಿಸುತ್ತಾರೆ, ಯಾವುದೋ ಹಾಳುಬಿದ್ದ ಬನದ ಮುಂದೆ ಬಂದು ನಿಲ್ಲುತ್ತಾರೆ. ಪ್ರಶ್ನೆಯ ಉತ್ತರವನ್ನು ನಾನು ಸಾಕ್ಷಿಯೆಂದು ಎಣಿಸಲಾರೆ. ಆದರೆ ಅದೇ ಬನಕ್ಕೆ ನಾಗರಪಂಚಮಿಯ ದಿನ ತನು ಎರೆಯಲು ಬರುವ ಬೇರೆ ಮನೆಯವರು ಯಾರು ಎಂದು ನೋಡಿ, ಅವರೊಡನೆ ಮಾತಾಡುವುದುಂಟಲ್ಲ, ಅದು ಒಳ್ಳೆಯ ಸಂಶೋಧನೆ. ಬೇರೆ ಬೇರೆ ದಿಕ್ಕಿಗೆ ಹೋದ ಕವಲುಗಳು ಒಂದೇ ದಿನ ಒಂದೇ ಕಡೆ ಸಿಗುವುದು ಅಪರೂಪ.

ಒಂದು ಲೆಕ್ಕ ಹೇಳಿಬಿಡುತ್ತೇನೆ. ತಂದೆತಾಯಿ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು, ಹೀಗೆ ದುಪ್ಪಟ್ಟಾಗುತ್ತ ಹೋದರೆ ಹತ್ತನೇ ತಲೆಮಾರಿಗೆ 1,024 ಜಾಗಗಳು. ನೆಂಟರೊಳಗೇ ಮದುವೆಯಾಗುವ ನಮ್ಮಲ್ಲಿ ಒಬ್ಬನೇ ನಾಲ್ಕು ಜಾಗದಲ್ಲಿ ಕೂತಿರುತ್ತಾನೆ, ಸಂಖ್ಯೆ ಇಳಿಯುತ್ತದೆ. ಇಳಿದರೂ ನೂರಾರು ಜನ. ಅವರಲ್ಲಿ ಒಬ್ಬನನ್ನು ಆರಿಸಿ ಮೂಲಪುರುಷ ಎಂದಿದ್ದೇವೆ. ಅವನ ರಕ್ತ ನಮ್ಮಲ್ಲಿ ಉಳಿದವರದಕ್ಕಿಂತ ಹೆಚ್ಚೇನೂ ಇಲ್ಲ. ಅವನ ಹೆಸರಿನಲ್ಲಿ ಹೊಲ, ಹಕ್ಕು, ದೇವರ ಪಾಳಿ ಬಂತು, ಅದಕ್ಕೆ ನೆನಪಾದ.

ಮೂಲಪುರುಷ ಎಂದರೆ ನಾಲ್ಕುನೂರು ವರ್ಷ ಹಿಂದಿನವನೇ ಆಗಬೇಕಿಲ್ಲ. ತುಂಗಭದ್ರಾ ಅಣೆಕಟ್ಟಿನ ನೀರು 1953ರಿಂದ ಕಾಲುವೆಗೆ ಹರಿದಾಗ ಆಂಧ್ರದ ಕರಾವಳಿಯ ರೈತರು ಬಂದು ಗಂಗಾವತಿ, ಸಿಂಧನೂರು ಕಡೆ ಜಮೀನು ಕೊಂಡು ಕ್ಯಾಂಪು ಕಟ್ಟಿಕೊಂಡರು. ಅವರ ಮೊಮ್ಮಕ್ಕಳು ಇವತ್ತು ಕನ್ನಡ ಶಾಲೆಯಲ್ಲಿ ಓದಿದವರು. ಅವರ ಮೂಲಪುರುಷ ಬಂದದ್ದು ಯಾವ ವರ್ಷ ಎಂಬುದಕ್ಕೆ ಐತಿಹ್ಯ ಬೇಕಾಗಿಲ್ಲ. ಉಪನೋಂದಣಿ ಕಚೇರಿಯ ಕ್ರಯಪತ್ರದಲ್ಲಿ ತಾರೀಕಿದೆ, ಕೊಂಡವನ ಸ್ವಂತ ಊರಿದೆ, ಮಾರಿದವನ ಹೆಸರೂ ಇದೆ. ಕ್ರಯಪತ್ರ ಹೇಳದ ಒಂದೆರಡು ಸಂಗತಿಗಳು ಮಾತ್ರ ಎಂಬತ್ತು ದಾಟಿದ ಕೆಲವರ ಬಾಯಲ್ಲಿವೆ. ಮೊದಲ ವರ್ಷ ಎಲ್ಲಿ ಮಲಗಿದಿರಿ, ಊಟಕ್ಕೆ ಅಕ್ಕಿ ಯಾರು ಕೊಟ್ಟರು, ಜೊತೆಗೆ ಹೊರಟವರಲ್ಲಿ ತಿರುಗಿ ಹೋದವರು ಯಾರು. ಮೊಬೈಲಿನಲ್ಲಿ ಧ್ವನಿಮುದ್ರಣದ ಗುಂಡಿ ಒತ್ತಿ ಕೇಳಿ. ಜಮೀನು ಮಾರಿದ ಸ್ಥಳೀಯರ ಮನೆಗೂ ಹೋಗಿ ಅದೇ ಪ್ರಶ್ನೆಗಳನ್ನು ಕೇಳಿ. ಬಂದವನು ಹೇಗೆ ಕಂಡ ಎಂಬುದನ್ನು ಹೇಳಬಲ್ಲವರು ಅವರೇ.