ವಿನಾಯಿತಿ ಹಕ್ಕು, ಹೊರಗಿಡುವ ನೆಪವಲ್ಲ

(ತುಮಕೂರಿನಲ್ಲಿ ಪೋಷಕರು ಮತ್ತು ಅಧ್ಯಾಪಕರ ಮುಂದೆ ಮಾಡಿದ ಭಾಷಣದ ಪಠ್ಯ)



ಗುಬ್ಬಿಯಿಂದ ರೈಲಿನಲ್ಲಿ, ಕುಣಿಗಲಿನಿಂದ ಬಸ್ಸಿನಲ್ಲಿ ತುಮಕೂರಿನ ಕಾಲೇಜುಗಳಿಗೆ ಬರುವ ನಮ್ಮ ಮಕ್ಕಳನ್ನೊಮ್ಮೆ ನೆನೆಯೋಣ. ಮನೆಯಲ್ಲಿ ದಖನಿ ಉರ್ದು, ಬೀದಿಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್. ಅವರ ನಡುವೆ ಆಟಿಸಂ ಇರುವ ಒಬ್ಬ ವಿದ್ಯಾರ್ಥಿಯಿದ್ದರೆ ಆತನ ಭಾಷೆಯ ಪಾಠ ಹೇಗೆ ನಡೆಯುತ್ತದೆ?

1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅದನ್ನು 21 ಬಗೆಯ ವೈಕಲ್ಯಗಳಲ್ಲಿ ಸೇರಿಸಿತು. ಆ ಕಾಯ್ದೆಯ 17ನೇ ಸೆಕ್ಷನ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕ, ಎರಡನೇ ಹಾಗೂ ಮೂರನೇ ಭಾಷೆಯಿಂದ ವಿನಾಯಿತಿ ಇವುಗಳನ್ನು ಹೇಳುತ್ತದೆ. ಇದು ಹಕ್ಕು. ಅಗತ್ಯವಿರುವವರು ಸಂಕೋಚವಿಲ್ಲದೆ ಕೇಳಬೇಕು.

ಆದರೆ ವಿದ್ಯಾರ್ಥಿಯನ್ನೇ ಕೇಳದೆ ವಿನಾಯಿತಿ ಕೊಡಿಸುವುದು ನ್ಯಾಯವೇ? ಕನ್ನಡ ಬಾರದವನು ಬ್ಯಾಂಕಿನಲ್ಲಿ, ತಾಲೂಕು ಕಚೇರಿಯಲ್ಲಿ ಜೀವನಪೂರ್ತಿ ಇನ್ನೊಬ್ಬರ ನಾಲಿಗೆಯನ್ನು ಅವಲಂಬಿಸಬೇಕಾಗುತ್ತದೆ. ಇನ್ನು ಕೆಲವರು, ಎರಡು ಭಾಷೆ ಗೊಂದಲ ಮೂಡಿಸುತ್ತದೆಂದು ಮನೆಯ ಉರ್ದುವನ್ನೇ ನಿಲ್ಲಿಸುತ್ತಾರೆ. ಎರಡು ಭಾಷೆಗಳಿಂದ ಆಟಿಸಂ ಇರುವ ಮಕ್ಕಳ ಮಾತು ಮತ್ತಷ್ಟು ಹಿಂದುಳಿಯುತ್ತದೆ ಎಂಬುದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಮನೆಮಾತು ನಿಂತರೆ ಆ ಮಗು ದಾದಿಯ ಮಾತಿನಿಂದಲೇ ದೂರವಾಗುತ್ತದೆ.

ಕಷ್ಟ ಹೆಚ್ಚಾಗಿ ಬುದ್ಧಿಯದಲ್ಲ, ಕಲಿಸುವ ಬಗೆಯದು. 'ಅವನು ಕೈ ಕೊಟ್ಟ' ಎಂದರೆ ಈ ವಿದ್ಯಾರ್ಥಿ ಕೈಯನ್ನೇ ಕಾಣಬಹುದು. 'ಮಾಡುತ್ತೇನೆ' ಎಂದು ಪುಸ್ತಕದಲ್ಲಿ ಓದಿ 'ಮಾಡ್ತೀನಿ' ಎಂದು ಕೇಳಿದಾಗ ಯಾವುದು ಸರಿಯೆಂದು ತಬ್ಬಿಬ್ಬಾಗಬಹುದು. ನೀನು-ನೀವು ಬಳಕೆಯನ್ನು ಇತರರು ನೋಡಿ ಕಲಿಯುತ್ತಾರೆ. ಈತನಿಗೆ ಯಾರಿಗೆ ಯಾವುದೆಂದು ಬಿಡಿಸಿ ಹೇಳಬೇಕು.

ಅಧ್ಯಾಪಕರು ಮಾಡಬೇಕಾದುದು ಬಹಳವಿಲ್ಲ. ದಿನದ ಪಾಠಕ್ರಮವನ್ನು ಮೊದಲೇ ಬರೆದು ಕೊಡಿರಿ. ನುಡಿಗಟ್ಟಿನ ಅರ್ಥವನ್ನು ನೇರವಾಗಿ ತಿಳಿಸಿರಿ. ಮೌಖಿಕ ಪರೀಕ್ಷೆಯನ್ನು ಇಡೀ ತರಗತಿಯ ಮುಂದೆ ಮಾಡದೆ ಶಾಂತವಾದ ಕೋಣೆಯಲ್ಲಿ ಮಾಡಿರಿ. ಕಣ್ಣಿಗೆ ಕಣ್ಣಿಟ್ಟು ಮಾತನಾಡಲಿಲ್ಲವೆಂದು ಅಂಕ ಕಳೆಯಬೇಡಿರಿ. ಗುಬ್ಬಿ ವೀರಣ್ಣನವರ ನಾಡಿನಲ್ಲಿ ನಾಟಕದ ಸಂಭಾಷಣೆ ಅಪರಿಚಿತವಲ್ಲ. ಮುಂದಿನ ಮಾತು ಯಾವುದೆಂದು ಬರೆದೇ ಇರುವುದರಿಂದ ಅದು ಇಂಥವರಿಗೆ ಒಳ್ಳೆಯ ಅಭ್ಯಾಸ. ಕುದುರೆಗಳೆಂದರೆ ಪ್ರಾಣವೆನ್ನುವ ಕುಣಿಗಲಿನ ಹುಡುಗನಿಗೆ ಕುದುರೆಯ ಕುರಿತೇ ಪ್ರಬಂಧ ಬರೆಯಿಸಿರಿ.

ಪೋಷಕರಲ್ಲಿ ಒಂದು ಮಾತು. ಆಟಿಸಂ ಜಿನ್ನಿನ ಕಾಟವಲ್ಲ, ತಾಯಿಯ ತಪ್ಪೂ ಅಲ್ಲ. ತಾಯಿತಕ್ಕೆ ಅಲೆಯುವ ಕಾಲದಲ್ಲಿ ಅಂಗವೈಕಲ್ಯ ಪ್ರಮಾಣಪತ್ರ ಮಾಡಿಸಿರಿ. ಶೇ. 40 ಅಥವಾ ಹೆಚ್ಚಿನ ವೈಕಲ್ಯವಿದ್ದವರಿಗೆ ಸರಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5 ಸ್ಥಾನಗಳನ್ನು ಇದೇ ಕಾಯ್ದೆ ಮೀಸಲಿಟ್ಟಿದೆ. ಮದುವೆ ಸಂಬಂಧ ಕೆಡುತ್ತದೆಂದು ಮಗುವನ್ನು ಅಡಗಿಸಿಟ್ಟರೆ ಆ ಸ್ಥಾನವನ್ನು ಕೇಳುವವರು ಯಾರು?

ಭಾಷೆ ಕಲಿಯಬೇಕೇ, ವಿನಾಯಿತಿ ಪಡೆಯಬೇಕೇ ಎಂಬುದನ್ನು ಆ ವಿದ್ಯಾರ್ಥಿಯೇ ನಿರ್ಧರಿಸಲಿ. ನಿರ್ಧರಿಸುವುದಕ್ಕೆ ಮುನ್ನ ಕಲಿಯುವ ನಿಜವಾದ ಅವಕಾಶವನ್ನು ನಾವು ಒದಗಿಸೋಣ.