ಎಕ್ಕದ ಗಿಡವೂ ಅದನ್ನಾಶ್ರಯಿಸಿದ ಜೀವಿಗಳೂ



ಹೊಲದ ಬದುಗಳಲ್ಲಿಯೂ ಹಾಳು ದಿಬ್ಬಗಳಲ್ಲಿಯೂ ತಾನಾಗಿ ಬೆಳೆಯುವ ಎಕ್ಕದ ಗಿಡವನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆಂದಿರುವೆನು. ರಥಸಪ್ತಮಿಯ ದಿನ ಇದರ 7 ಎಲೆಗಳನ್ನು ಮೈಮೇಲಿಟ್ಟುಕೊಂಡು ಸ್ನಾನಮಾಡುವ ನಾವೇ ಮಿಕ್ಕ ದಿನಗಳಲ್ಲಿ ಇದನ್ನು ಹಾಳುಗಿಡವೆಂದು ಹಳಿದು, ಬದುವನ್ನು ಹಸನುಮಾಡುವ ನೆಪದಿಂದ ಬೇರುಸಹಿತ ಅಗೆದು ಬೆಂಕಿಗೆ ಹಾಕುತ್ತೇವೆ. ಇದರಿಂದ ನಮಗಾಗುವುದು ಲಾಭವೋ ನಷ್ಟವೋ ಎಂಬುದನ್ನು ವಿಚಾರಿಸತಕ್ಕದ್ದು.

ಎಕ್ಕದ ಬೇರು ಆಳಕ್ಕಿಳಿಯುವುದು. ಎಲೆಯ ಮೇಲೆ ಬಿಳಿಯ ಹುಡಿಯಂತಹ ಲೇಪವಿರುವುದು. ಹಾಲು ವಿಷಯುಕ್ತವಾದುದರಿಂದ ದನಗಳು ಬಾಯಿಹಾಕವು. ಆದಕಾರಣ ಮಳೆ ಹಿಂದೆಗೆದ ವರ್ಷದಲ್ಲಿಯೂ ಇದು ಹಸುರಾಗಿ ನಿಂತು, ವರ್ಷದ ಬಹುಭಾಗ ಹೂಬಿಡುವುದು. ಫಾಲ್ಗುಣ, ಚೈತ್ರಗಳಲ್ಲಿ ಹೊಲಗಳೆಲ್ಲ ಬರಿದಾಗಿರುವಾಗ ದುಂಬಿಗಳಿಗೆ ಜೇನು ದೊರೆಯುವ ಕೆಲವೇ ಸ್ಥಳಗಳಲ್ಲಿ ಎಕ್ಕದ ಪೊದೆಯೂ ಒಂದು.

ಈ ಹೂವಿನ ರಚನೆಯು ವಿಚಿತ್ರವಾದುದು. ಇದರ ಪರಾಗವು ಧೂಳಿಯಂತೆ ಉದುರುವುದಿಲ್ಲ. ಮೇಣದಂತಹ ಎರಡೆರಡು ಚೀಲಗಳಾಗಿ ಒಂದು ಕೊಂಡಿಗೆ ಜೋತುಬಿದ್ದಿರುವುದು. ಒಣಮರವನ್ನು ಕೊರೆದು ಗೂಡುಮಾಡುವ ಆ ದೊಡ್ಡ ಕರಿಯ ದುಂಬಿಯು ಜೇನಿಗಾಗಿ ಬಂದಾಗ ಕೊಂಡಿಯು ಅದರ ಮೈಗೆ ಸಿಕ್ಕಿಕೊಂಡು ಇನ್ನೊಂದು ಹೂವಿಗೆ ಸಾಗುವುದು. ಚೀಲವು ಅಲ್ಲಿನ ಸೀಳಿನೊಳಗೆ ಸರಿಯಾಗಿ ಸೇರಿದರೆ ಮಾತ್ರ ಕಾಯಿ. ಗೊಂಚಲು ಗೊಂಚಲಾಗಿ ಹೂಬಿಟ್ಟರೂ ಕಾಯಿಗಳು ವಿರಳವಾಗಿರುವುದಕ್ಕೆ ಇದೇ ಮುಖ್ಯ ಕಾರಣ. ಇದೇ ದುಂಬಿಯು ನಮ್ಮ ತೊಗರಿ, ಕುಂಬಳ, ಬದನೆಗಳ ಹೂವುಗಳಿಗೂ ಬರುವುದು. ಬೇಸಗೆಯಲ್ಲಿ ಅದಕ್ಕೆ ಆಹಾರವಿಲ್ಲದಂತೆ ಮಾಡಿ, ಪೈರು ಹೂಬಿಟ್ಟಾಗ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಕಿತ್ತಳೆ ಬಣ್ಣದ ರೆಕ್ಕೆಗೆ ಕಪ್ಪು ಅಂಚುಳ್ಳ ಚಿಟ್ಟೆಯೊಂದು ಎಕ್ಕದ ಎಲೆಯ ಅಡಿಯಲ್ಲಿ ಒಂದೊಂದಾಗಿ ಮೊಟ್ಟೆಯಿಡುವುದು. ಅದರ ಮರಿಹುಳುವಿಗೆ ಕಪ್ಪು, ಬಿಳಿ, ಹಳದಿ ಪಟ್ಟೆಗಳಿವೆ. ಅದು ಮೊದಲು ಎಲೆಯ ನರವನ್ನು ಕಡಿದು, ಹಾಲು ಹರಿದುಹೋದ ಮೇಲೆ ಮುಂದಿನ ಭಾಗವನ್ನು ತಿನ್ನುವುದು! ಹಾಗಿದ್ದರೂ ಗಿಡದ ವಿಷದಲ್ಲಿ ಕೊಂಚ ಮೈಯಲ್ಲುಳಿಯುವುದರಿಂದ ಹಕ್ಕಿಗಳು ಚಿಟ್ಟೆಯನ್ನೂ ಮುಟ್ಟಲಂಜುವುವು. ಮತ್ತೊಂದು ನಿರ್ವಿಷವಾದ ಚಿಟ್ಟೆಯ ಹೆಣ್ಣು ಇದರ ವೇಷವನ್ನೇ ಧರಿಸಿ ಬದುಕಿಕೊಳ್ಳುತ್ತಿದೆ. ಎಳೆಯ ಚಿಗುರಿಗೆ ಮುತ್ತುವ ಹಳದಿ ಹೇನುಗಳನ್ನು ಗುಲಗಂಜಿ ಹುಳುಗಳು ತಿಂದು ವೃದ್ಧಿಯಾಗುವುವು. ಇವು ಪೈರಿನ ಹೇನುಗಳನ್ನೂ ತಿನ್ನುವ ನಮ್ಮ ಮಿತ್ರಕೀಟಗಳು.

ಆಕ್ಷೇಪವಿಲ್ಲದಿಲ್ಲ. ನೀಲಿ, ಹಳದಿ ಪಟ್ಟೆಗಳ ಎಕ್ಕದ ಮಿಡತೆಯು ಕೆಲವು ವೇಳೆ ಪೈರುಗಳಿಗೂ ಬೀಳುವುದುಂಟು. ಅದು ಮಂದಗತಿಯುಳ್ಳದ್ದು; ಹೊತ್ತಾರೆ ಕೈಯಿಂದಲೇ ಆರಿಸಿ ನಾಶಪಡಿಸಬಹುದು. ಅದಕ್ಕಾಗಿ ಗಿಡವನ್ನೇ ಕೀಳುವುದು, ಇಲಿಯಿದೆಯೆಂದು ಕಣಜಕ್ಕೆ ಬೆಂಕಿಯಿಟ್ಟಂತೆ.

ಗದ್ದೆಗೆ ಸೊಪ್ಪು ಬೇಕಾದವರು ಎಳೆಯ ಕೊಂಬೆಗಳನ್ನು ಕೊಯ್ದು ಕೆಸರಿನಲ್ಲಿ ತುಳಿಯಬಹುದು. ಬುಡವನ್ನುಳಿಸಿದರೆ ಮತ್ತೆ ಚಿಗುರುವುದು. ಒಂದೇ ಸಲ ಎಲ್ಲವನ್ನೂ ಕೊಯ್ಯದೆ, ಬದುವಿನ ಒಂದು ಪಾರ್ಶ್ವದ ಗಿಡಗಳನ್ನು ಹೂವಿಗೆ ಬಿಡತಕ್ಕದ್ದು. ಕೊಯ್ಯುವವರು ಹಾಲು ಕಣ್ಣಿಗೆ ಸಿಡಿಯದಂತೆ ಎಚ್ಚರವಹಿಸಬೇಕು. ಆ ಕೈಯಿಂದ ಮುಖವನ್ನು ಒರಸಿಕೊಳ್ಳಬಾರದು. ಅಕಸ್ಮಾತ್ ಸಿಡಿದಲ್ಲಿ ಧಾರಾಳವಾಗಿ ಶುದ್ಧವಾದ ನೀರಿನಿಂದ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು.