ಕಬ್ಬಿಣದ ದೀಪ, ಮಣ್ಣಿನ ದೀಪ



ಸೈಪ್ರಸ್ ದ್ವೀಪದ ಕಿಟಿಯಂ ಪಟ್ಟಣದ ಜೀನೋ ಎಂಬ ವರ್ತಕನು, ಫಿನೀಷಿಯದಿಂದ ತರುತ್ತಿದ್ದ ಧೂಮ್ರವರ್ಣದ ಸರಕೆಲ್ಲವೂ ಹಡಗಿನೊಡನೆ ಸಮುದ್ರದ ಪಾಲಾಗಲು, ಅಥೆನ್ಸ್ ನಗರವನ್ನು ಸೇರಿ, ಪುಸ್ತಕದಂಗಡಿಯೊಂದರಲ್ಲಿ ಕುಳಿತು, ಅಂಗಡಿಯವನು ಓದುತ್ತಿದ್ದ ಸಾಕ್ರಟೀಸನ ವೃತ್ತಾಂತವನ್ನು ಕೇಳಿ, ಇಂಥ ಪುರುಷರು ಈಗ ಎಲ್ಲಿ ದೊರಕುವರೆಂದು ವಿಚಾರಿಸಿದನೆಂದು ಐತಿಹ್ಯ. ಮುಂದೆ ಕ್ರಿ.ಪೂ. 300ರ ಸುಮಾರಿಗೆ ಅವನೇ ಆ ನಗರದ ಚಿತ್ರಾಲಂಕೃತ ಮೊಗಸಾಲೆಯೊಂದರಲ್ಲಿ ಬೋಧಿಸತೊಡಗಿದನು. ಮೊಗಸಾಲೆಗೆ ಗ್ರೀಕರು ‘ಸ್ಟೋವ’ ಎನ್ನುತ್ತಿದ್ದುದರಿಂದ ಅವನ ಅನುಯಾಯಿಗಳು ಸ್ಟೋಯಿಕರೆನಿಸಿದರು. ಅವನ ಉತ್ತರಾಧಿಕಾರಿ ಕ್ಲಿಯಾಂಥಿಸನು ರಾತ್ರಿಯೆಲ್ಲ ತೋಟಗಳಿಗೆ ನೀರು ಸೇದಿ, ಹಗಲು ಶಾಸ್ತ್ರಾಭ್ಯಾಸ ಮಾಡಿದವನು.

ಈ ದರ್ಶನದ ತಿರುಳನ್ನು ನಿತ್ಯಜೀವನಕ್ಕೆ ಇಳಿಸಿಕೊಟ್ಟವನು ಎಪಿಕ್ಟೀಟಸ್. ರೋಮಿನಲ್ಲಿ ಗುಲಾಮನಾಗಿದ್ದವನು, ಕಾಲು ಕುಂಟಾದವನು. ಬಿಡುಗಡೆ ಹೊಂದಿ ಬೋಧಕನಾದ ಮೇಲೆ, ಡೊಮಿಷಿಯನ್ ಚಕ್ರವರ್ತಿಯು ತತ್ತ್ವಜ್ಞರನ್ನೆಲ್ಲ ಹೊರದೂಡಿದಾಗ, ಗ್ರೀಸಿನ ನಿಕೋಪೊಲಿಸಿಗೆ ಹೋಗಿ ಅಲ್ಲಿ ಪಾಠಶಾಲೆಯನ್ನು ತೆರೆದನು. ತಾನಾಗಿ ಏನನ್ನೂ ಬರೆಯಲಿಲ್ಲ; ಶಿಷ್ಯನಾದ ಏರಿಯನ್ನನು ಬರೆದಿಟ್ಟುಕೊಂಡದ್ದರಿಂದ ಅವನ ಮಾತು ನಮಗೆ ಉಳಿದಿದೆ. ನಮ್ಮ ತೀರ್ಮಾನ, ನಮ್ಮ ಬಯಕೆ, ನಮ್ಮ ಹೇವರಿಕೆ, ಇವು ನಮ್ಮ ವಶದಲ್ಲಿವೆ. ದೇಹ, ಸಿರಿ, ಕೀರ್ತಿ ನಮ್ಮ ವಶದಲ್ಲಿಲ್ಲ ಎಂಬುದು ಅವನ ಮೊದಲ ಪಾಠ. ಅವನ ಮನೆದೇವರ ಬಳಿ ಕಬ್ಬಿಣದ ದೀಪವೊಂದಿತ್ತು. ಒಂದು ದಿನ ಸದ್ದು ಕೇಳಿ ಓಡಿಹೋಗಿ ನೋಡುವಷ್ಟರಲ್ಲಿ ದೀಪ ಕಳುವಾಗಿತ್ತು. ಕಳ್ಳನ ಮೇಲೆ ಅವನು ಕೋಪಗೊಳ್ಳಲಿಲ್ಲ. ನಾಳೆ ಮಣ್ಣಿನ ದೀಪ ತಂದರಾಯಿತು, ಇದ್ದುದನ್ನಷ್ಟೇ ಕಳೆದುಕೊಳ್ಳಬಹುದಲ್ಲವೆ ಎಂದು ಶಿಷ್ಯರಿಗೆ ಹೇಳಿದನು. ಹಾಲು ಉಕ್ಕಿದರೆ ಮನೆಯವರ ಮೇಲೆ ರೇಗುವ ನಮಗೆ ಈ ಪಾಠ ಎಷ್ಟು ಹತ್ತಿರದ್ದು!

ಆದರೆ ಈ ದರ್ಶನವನ್ನು ಕಲ್ಲೆದೆಯ ಮತವೆಂದು ತಿಳಿಯುವವರು ಬಹಳ ಮಂದಿ. ಅದು ತಪ್ಪೆಂದೇ ನನ್ನ ನಿಶ್ಚಯ. ಆರೋಗ್ಯವನ್ನೂ ಸಿರಿಯನ್ನೂ ಅಪೇಕ್ಷಿಸಬಾರದೆಂದು ಸ್ಟೋಯಿಕರು ಹೇಳಲಿಲ್ಲ. ಸಜ್ಜನಿಕೆಯನ್ನು ತೆತ್ತು ಅವನ್ನು ಕೊಳ್ಳಬಾರದೆಂದರು.

ಕ್ರಿ.ಶ. 161ರಲ್ಲಿ ರೋಮಿನ ಸಿಂಹಾಸನವನ್ನೇರಿದ ಮಾರ್ಕಸ್ ಔರೇಲಿಯಸನಿಗೆ ಈ ಗುಲಾಮನ ಬೋಧೆಯ ಪುಸ್ತಕವನ್ನು ತನ್ನ ಮನೆಯಿಂದ ತಂದುಕೊಟ್ಟವನು ಗುರು ರಸ್ಟಿಕಸ್. ಮಹಾಮಾರಿ ರಾಜ್ಯವನ್ನು ಸುಡುತ್ತಿರಲು, ಡಾನ್ಯೂಬ್ ನದಿಯ ಗಡಿಯಲ್ಲಿ ಯುದ್ಧ ಮುಗಿಯದಿರಲು, ಆ ಚಕ್ರವರ್ತಿಯು ತನಗಾಗಿಯೇ ಗ್ರೀಕಿನಲ್ಲಿ ಟಿಪ್ಪಣಿಗಳನ್ನು ಬರೆದುಕೊಂಡನು. ಮುಂಜಾವದಲ್ಲಿ ಬೆಚ್ಚನೆಯ ಹೊದಿಕೆಯನ್ನು ಬಿಟ್ಟೇಳಲು ಒಲ್ಲದ ತನ್ನ ಮೈಯೊಡನೆ ಅವನು ವಾದಿಸುವುದನ್ನು ಅಲ್ಲಿ ಕಾಣಬಹುದು.

ಮಗುವಿಗೆ ಮುತ್ತಿಡುವಾಗಲೇ ಇದು ನಾಳೆ ಇಲ್ಲವಾಗಬಹುದೆಂದು ಮನಸ್ಸಿನಲ್ಲಿ ನೆನೆಯಬೇಕೆಂಬ ಎಪಿಕ್ಟೀಟಸನ ಮಾತೂ ಆ ಟಿಪ್ಪಣಿಗಳಲ್ಲಿದೆ. ಮೊದಲು ಓದಿದಾಗ ನನಗೆ ಅದು ಕ್ರೂರವಾಗಿ ತೋರಿತು. ಮಾರ್ಕಸನಿಗೆ ಹುಟ್ಟಿದ ಮಕ್ಕಳು 13ಕ್ಕೆ ಕಡಿಮೆಯಿಲ್ಲ; ತಂದೆಯ ತರುವಾಯ ಉಳಿದ ಗಂಡುಮಗ ಒಬ್ಬನೇ. ಅಷ್ಟು ಮಕ್ಕಳನ್ನು ಕಳೆದುಕೊಂಡ ಕೈಯೇ ಆ ಮಾತನ್ನು ಬರೆದುಕೊಂಡಿತೆಂದು ತಿಳಿದ ಮೇಲೆ, ಅದನ್ನು ಮಮತೆಯನ್ನು ಕುಗ್ಗಿಸುವ ಮಾತೆಂದು ನಾನು ಓದಲಾರೆ. ಮುತ್ತಿಡುವುದನ್ನು ಬಿಡೆಂದು ಅದರಲ್ಲಿ ಎಲ್ಲಿಯೂ ಹೇಳಿಲ್ಲ.